ಹಿತ್ತಲ ಜಗಲಿಗೆ ಪಾಸು ಕೊಟ್ಟ ಸಾಹೇಬರು

ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ನೇರ ಇಲ್ಲಿಗೇ ಬಂದಿದ್ದಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಕೆ ನಗರಸಭೆಯ ನೋಟಿಸೊಂದನ್ನು ಮೇಜಿನ ಮೇಲಿಟ್ಟಳು. ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೇಬಲ್ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಂದ ದಾರಿಗೇ ವಾಪಸು ತಳ್ಳಿದರು. ಠಾಣೆಯವರೆಲ್ಲ ಅವರನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಗಂಡ ಹೆಂಡಿರ ಜಗಳಕ್ಕೂ ನಗರಸಭೆಯ ತಂಟೆಗೂ ಹೋಗಬಾರದೆಂಬುದು ಅವರು ಸರ್ವಿಸಿನಲ್ಲಿ ಕಲಿತ ಮೊದಲ ಪಾಠ.

“ಇದು ನಮ್ಮದಲ್ಲ ಕಣಮ್ಮ. ನಗರಸಭೆಗೇ ಹೋಗಿ ಕೇಳಿ.”

“ಫೋನಲ್ಲಿ ಕೇಳ್ದೆ. ಪೊಲೀಸ್‌ಗೆ ಹೋಗು ಅಂದ್ರು.”

“ಅವರು ಹಾಗೇ ಅಂತಾರೆ.”

“ನೀವೂ ಹೀಗೇ ಅಂತೀರಿ ಅಂತ ಗೊತ್ತಿತ್ತು. ಅದಕ್ಕೇ ಇವತ್ತು ಅಂಗಡಿ ಮುಚ್ಚಿ ಬಂದಿದ್ದೀನಿ. ಯಾರಾದ್ರೂ ಒಬ್ರು ಕೇಳೋವರೆಗೂ ಕೂತಿರ್ತೀನಿ.”

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್‌ಗೆ ಇದು ಕೇಳಿಸಿತು. ಈ ಠಾಣೆಗೆ ವರ್ಗವಾಗಿ ಬಂದು ಆಕೆಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ದೂರು ಹೊತ್ತು ಬಂದವರನ್ನು ಈ ಕಚೇರಿಯಿಂದ ಆ ಕಚೇರಿಗೆ ಚೆಂಡಿನಂತೆ ಒದೆಯುವುದನ್ನು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು. ಹಾಗೆ ಉರಿದುಕೊಂಡೇ ಮೂರು ವರ್ಗಾವಣೆ ಪಡೆದಿದ್ದಳು. ಕೂತಿರುತ್ತೇನೆ ಎಂದವಳನ್ನು ಒಳಗೆ ಕರೆದು ಕುರ್ಚಿ ತೋರಿಸಿದಳು.

ವಿಷಯ ಹೀಗಿತ್ತು. ಹೊಲಿಗೆಯಾಕೆಯ ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಕಾಲು ಬಿದ್ದುಹೋಗಿ ಗಾಲಿಕುರ್ಚಿ ಸೇರಿದ ಮೇಲೆ ಅವರಿಗೆ ಹಿತ್ತಲೆಂದರೆ ಅಡಿಗೆಮನೆಯ ಬಾಗಿಲಿಂದ ಕಾಣುವ ಚಿತ್ರವಾಗಿಬಿಟ್ಟಿತ್ತು, ಏಕೆಂದರೆ ಬಾಗಿಲಿಗೂ ನೆಲಕ್ಕೂ ನಡುವೆ ನಾಲ್ಕು ಕಡಿದಾದ ಮೆಟ್ಟಿಲು. ಮಗ ಲಾರಿಯ ಮೇಲೆ ಹೋದರೆ ಬರುವುದು ವಾರಗಟ್ಟಲೆ. ಸೊಸೆಯೊಬ್ಬಳೇ ಎತ್ತಿ ಇಳಿಸಲಾರಳು. ಅಡಿಗೆಮನೆಯ ನೆಲದ ಮಟ್ಟಕ್ಕೇ ಹಿತ್ತಲಿನ ಮೇಲೆ ಒಂದು ಮರದ ಜಗಲಿ ಕಟ್ಟಿಸಿದರೆ ಮಾವ ತಾವೇ ಕುರ್ಚಿ ಉರುಳಿಸಿಕೊಂಡು ಹೊರಗೆ ಬರಬಹುದು ಎಂದು ಅವಳಿಗೆ ಹೊಳೆಯಿತು. ಅರ್ಜಿಯ ಭಾಷೆಯಲ್ಲಿ ಅದಕ್ಕೆ ಡೆಕ್ ಎಂದು ಹೆಸರು. ನೆಲದಿಂದ ಇಷ್ಟು ಎತ್ತರಕ್ಕೆ ಏನು ಕಟ್ಟಿದರೂ ನಗರಸಭೆಯ ಅನುಮತಿ ಬೇಕು. ಕಂಬ ನಿಲ್ಲಿಸುವ ಗುಂಡಿಗಳನ್ನು ಕಾಂಕ್ರೀಟು ಸುರಿಯುವ ಮೊದಲು ತಪಾಸಣೆಯವರು ನೋಡಬೇಕು, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೋಡಿ ಪಾಸು ಮಾಡಬೇಕು.

“ಎಲ್ಲಾ ಮಾಡಿಸಿದ್ದೀನಿ ಮೇಡಂ. ಸಾಹೇಬ್ರು ಎರಡು ಸಲ ಬಂದ್ರು, ನೋಡಿದ್ರು, ಸೀಲು ಒತ್ತಿ ಕೊಟ್ರು. ಮಾವ ನಾಲ್ಕು ತಿಂಗಳಿಂದ ಅಲ್ಲೇ ಕೂತ್ಕೊತಾರೆ. ಈಗ ನೋಡಿದ್ರೆ ಅಂಥ ಸಾಹೇಬ್ರು ನಮ್ಮಲ್ಲಿ ಇಲ್ವೇ ಇಲ್ಲ, ನಿಮ್ಮ ಅರ್ಜಿ ನಮಗೆ ಬಂದೇ ಇಲ್ಲ ಅಂತಾರೆ. ಸೋಮವಾರ ಹತ್ತು ಗಂಟೆಗೆ ಬಂದು ಕೆಡವ್ತಾರಂತೆ.”

“ಸಾಹೇಬ್ರು ದುಡ್ಡೆಷ್ಟು ತಗೊಂಡ್ರು?” ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಕೇಳಿದರು.

“ಒಂದು ಪೈಸೆ ತಗೊಂಡಿಲ್ಲ. ಕೊಡೋಕೆ ಹೋದ್ರೆ ಬೈದ್ರು.”

ದೊಡ್ಡಪ್ಪ ಇನ್ಸ್‌ಪೆಕ್ಟರ್ ಮುಖ ನೋಡಿದರು, ಇನ್ಸ್‌ಪೆಕ್ಟರ್ ದೊಡ್ಡಪ್ಪನ ಮುಖ ನೋಡಿದಳು. ವೇಷ ಹಾಕಿ ಮೋಸ ಮಾಡುವವರನ್ನು ಇಬ್ಬರೂ ಸಾಕಷ್ಟು ಕಂಡಿದ್ದರು. ಪುಕ್ಕಟೆಯಾಗಿ ಮೋಸ ಮಾಡುವವನನ್ನು ಕಂಡಿರಲಿಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು: ಸರ್ಕಾರಿ ನೌಕರನ ಸೋಗು ಹಾಕಿದ್ದು, ಅಧಿಕಾರವಿಲ್ಲದೆ ಮುದ್ರೆ ಬಳಸಿದ್ದು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆದರು.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ಹೋದಾಗ ಜಗಲಿಯ ನಡುವೆ ಮಾವ ಗಾಲಿಕುರ್ಚಿಯಲ್ಲಿ ಕುಳಿತು, ಬಸ್ಸಿನ ಸ್ಟಿಯರಿಂಗ್ ಹಿಡಿದವರಂತೆ ಎರಡೂ ಕೈಯನ್ನು ಮುಂದಿನ ಕಟಕಟೆಯ ಮೇಲಿಟ್ಟಿದ್ದರು. ಅಚ್ಚುಕಟ್ಟಾದ ಕೆಲಸ. ಆರು ಕಂಬ, ಹಲಗೆಗಳ ನಡುವೆ ನೀರು ಸೋರಿಹೋಗಲು ಒಂದೇ ಸಮನಾದ ಸಂದು, ಕುರ್ಚಿಯ ಗಾಲಿ ಜಾರದಂತೆ ಅಂಚಿಗೆ ಎತ್ತರದ ಪಟ್ಟಿ. ಒಂದು ಮೂಲೆಯಲ್ಲಿ ಡಬ್ಬಿಗಳಲ್ಲಿ ಮೆಣಸಿನ ಗಿಡ ಬೆಳೆದಿತ್ತು. ಇಬ್ಬರು ನೆರೆಯವರು ಪಂಚರಾಗಿ ನಿಂತರು. ದೊಡ್ಡಪ್ಪ ಟೇಪು ಹಿಡಿದು ಉದ್ದಗಲ ಬರೆದುಕೊಂಡರು.

“ನನ್ನನ್ನೂ ಬರ್ಕೊಳಿ,” ಎಂದರು ಮಾವ. “ಕೆಡವೋಕೆ ಬಂದಾಗ ನಾನು ಇಲ್ಲಿಂದ ಏಳಲ್ಲ. ಏಳು ಅಂದ್ರೂ ಏಳೋಕೆ ಆಗಲ್ಲ, ಅದು ಬೇರೆ ಮಾತು.”

“ಮಾವಾ, ಸುಮ್ನಿರಿ.”

“ಸುಮ್ನೆ ಇದ್ದೆನಲ್ಲಮ್ಮ, ಒಳಗೆ ಎರಡು ವರ್ಷ.”

ಸೊಸೆ ತಲೆ ತಗ್ಗಿಸಿ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಇನ್ಸ್‌ಪೆಕ್ಟರ್‌ಗೆ ಅವಳನ್ನು ಕಂಡು ಮರುಕವಾಯಿತು, ಆದರೆ ಮರುಕವನ್ನು ಪಂಚನಾಮೆಯಲ್ಲಿ ಬರೆಯಲು ಜಾಗವಿಲ್ಲ. ಆಕೆ ಮಾವನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು.

“ಆ ಸಾಹೇಬ್ರು ಹೇಗಿದ್ರು?”

“ಅರವತ್ತು ದಾಟಿದೆ. ತೆಳ್ಳಗೆ. ಇಸ್ತ್ರಿ ಹಾಕಿದ ಅಂಗಿ. ಒಂಬತ್ತಕ್ಕೆ ಬರ್ತೀನಿ ಅಂದ್ರು, ಒಂಬತ್ತಕ್ಕೆ ಬಂದ್ರು. ನಾನು ಅವತ್ತೇ ಸೊಸೆಗೆ ಹೇಳ್ದೆ, ಇವನು ಸರ್ಕಾರದವನಲ್ಲ ಕಣಮ್ಮ ಅಂತ.”

“ಬಂದು ಏನ್ ಮಾಡಿದ್ರು?”

“ಪ್ಯಾಂಟು ಮಡಚಿ ಗುಂಡಿಗೆ ಇಳಿದ್ರು. ಒಂದಲ್ಲ, ಆರಕ್ಕೂ. ಸಾಲದು, ಇನ್ನೂ ಆಳ ಬೇಕು ಅಂದ್ರು. ಬಡಗಿ ಗೊಣಗಿದ. ಮೂರೂವರೆ ಅಡಿ ಆಗೋವರೆಗೂ ನಾನು ಹೋಗಲ್ಲ ಅಂತ ಇಲ್ಲೇ ನಿಂತ್ರು.”

ಬಡಗಿಯನ್ನೂ ಕರೆಸಿ ಕೇಳಿದಾಗ ಅವನೂ ಅದನ್ನೇ ಹೇಳಿದ. ಒಂದು ಗುಂಡಿಯಲ್ಲಿ ಬಂಡೆ ಸಿಕ್ಕಿ ಅವನ ಹಾರೆ ಬಾಗಿತ್ತಂತೆ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಇನ್ಸ್‌ಪೆಕ್ಟರ್ ‘ಮೂರೂವರೆ ಅಡಿ’ ಎಂದು ಬರೆದು ಅಡಿಗೆರೆ ಎಳೆದಳು. ಏಕೆ ಎಳೆದೆನೆಂದು ಆಗ ಕೇಳಿದ್ದರೆ ಆಕೆಗೂ ಹೇಳಲು ಬರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಲಿಗೆಯಾಕೆಯನ್ನೂ ಕೂರಿಸಿಕೊಂಡ ಜೀಪು ನಗರಸಭೆಯ ಗೇಟಿನ ಮುಂದೆ ನಿಂತಿತು. ಗೇಟಿನಾಚೆ ಛತ್ರಿಯ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ದಲ್ಲಾಳಿಯನ್ನೇ ದೊಡ್ಡಪ್ಪ ಮೊದಲು ಹಿಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇವನೇ ಎಂದು ಅವರ ನಂಬಿಕೆ. ಆದರೆ ದಲ್ಲಾಳಿ ಕತೆ ಪೂರ್ತಿ ಕೇಳಿ ಮುಖ ಗಂಟು ಹಾಕಿದ.

“ದುಡ್ಡೇ ತಗೊಂಡಿಲ್ವಾ?”

“ಇಲ್ಲ.”

“ಹಾಗಾದ್ರೆ ನಮ್ಮೋರಲ್ಲ ಸಾರ್. ಇಂಥೋರು ನಾಲ್ಕು ಜನ ಬಂದ್ರೆ ನಮ್ಮ ಹೊಟ್ಟೆಪಾಡೇನು? ಸಿಕ್ಕಿದ್ರೆ ನಮಗೂ ತೋರಿಸಿ.”

ಒಳಗೆ, ಕಟ್ಟಡ ವಿಭಾಗದ ಕಿರಿಯ ಎಂಜಿನಿಯರ್ ಸಹಕರಿಸಿದ. ಕನ್ನಡಕದ, ಚುರುಕಾದ ಹುಡುಗ. ಮೇಲಿನವರು ಸಹಿ ಮಾಡಲು ಹೆದರುವ ನೋಟಿಸುಗಳಿಗೆಲ್ಲ ಸಹಿ ಮಾಡುವುದು ಅವನ ಪಾಲಿಗೆ ಬಂದಿತ್ತು. ವಿಭಾಗದ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಸಿ ಹೊಲಿಗೆಯಾಕೆಯ ಮುಂದೆ ನಿಲ್ಲಿಸಿದ. ಅವಳು ಪ್ರತಿಯೊಬ್ಬರನ್ನೂ ಮೇಲಿಂದ ಕೆಳಗೆ ಅಳೆದು ತಲೆಯಾಡಿಸಿದಳು.

“ಇವರಲ್ಲಿ ಯಾರೂ ಅಲ್ಲ.”

“ಸೀಲು?” ಇನ್ಸ್‌ಪೆಕ್ಟರ್ ಕೇಳಿದಳು.

“ನಮ್ಮ ಹಳೇ ಸೀಲು. ಈಗ ಬಳಕೇಲಿಲ್ಲ. ಮನೆಗಂದಾಯದ ಸರ್ವೇಲೇ ಇದು ಗೊತ್ತಾಗಿದ್ದು, ಇದೇ ಸೀಲು ಇನ್ನೂ ಎರಡು ಮನೆಯೋರ ಹತ್ರ ಸಿಕ್ಕಿದೆ. ಅವರಿಗೂ ನೋಟಿಸು ಹೋಗುತ್ತೆ.”

“ಆ ಜಗಲಿ ಗಟ್ಟಿಯಾಗೇ ಇದೆಯಲ್ಲ. ಕೆಡವೋದ್ಯಾಕೆ?”

“ಮೇಲಿಂದ ನೋಡಿದ್ರೆ ಎಲ್ಲಾ ಗಟ್ಟಿನೇ ಮೇಡಂ. ಕೆಳಗೆ ಏನಿದೆ ಅಂತ ಯಾರಿಗ್ಗೊತ್ತು? ಆರು ಗುಂಡೀನೂ ಈಗ ಮುಚ್ಚಿಹೋಗಿದೆ. ಎಲ್ಲಾ ಅಗೆದ್ರೆ ಅದೇ ಬಿದ್ದೋಗುತ್ತೆ. ಒಂದೆರಡು ಅಗೆದು ನೋಡಿದ್ರೆ ಮಿಕ್ಕಿದ್ದಕ್ಕೆ ಜವಾಬ್ದಾರಿ ಯಾರು? ಗುಂಡಿ ನೋಡಿದ ತಪಾಸಣೆಯವರು ಹೇಳ್ಬೇಕು. ಬಡಗಿ ಮಾತು ನಡೆಯಲ್ಲ, ಅವನು ಕೂಲಿ ತಗೊಂಡೋನು. ನಾಳೆ ಅದು ಕುಸಿದು ಆ ಮುದುಕರು ಬಿದ್ರೆ ನನ್ನ ಕುತ್ತಿಗೆಗೇ ಬರುತ್ತೆ.”

ಅವನ ಮಾತು ಸುಳ್ಳಲ್ಲ ಎಂಬುದೇ ಇನ್ಸ್‌ಪೆಕ್ಟರ್‌ಗೆ ಹೆಚ್ಚು ಬೇಸರ ತರಿಸಿತು. ಏಳಲು ಹೊರಟವಳು ಅಡಿಗೆರೆ ಎಳೆದ ಸಾಲನ್ನು ನೋಡಿ ಮತ್ತೆ ಕುಳಿತಳು.

“ಕಂಬದ ಗುಂಡಿ ಎಷ್ಟು ಆಳ ಇರ್ಬೇಕು?”

“ಎರಡೂವರೆ ಅಡಿ.”

“ಮೂರೂವರೆ ಅಲ್ವಾ?”

ಹುಡುಗ ನಕ್ಕ. “ಅದು ಹಳೇ ನಿಯಮ. ನಾನು ಕೆಲಸಕ್ಕೆ ಸೇರೋ ವರ್ಷಾನೇ ಬದಲಾಯ್ತು. ಈಗ ನಾಲ್ಕು ವರ್ಷ ಆಯ್ತು. ಮೂರೂವರೆ ಅಂತ ಈಗ ಯಾರೂ ಹೇಳಲ್ಲ.”

“ಒಬ್ರು ಹೇಳಿದ್ದಾರೆ.”

ಮೋಸಗಾರ ಕಡಿಮೆ ಕೆಲಸ ಮಾಡಿಸುತ್ತಾನೆಯೇ ಹೊರತು ಹೆಚ್ಚು ಮಾಡಿಸುವುದಿಲ್ಲ. ಗುಂಡಿಗೆ ತಾನೇ ಇಳಿದು ಹಳೆಯ ನಿಯಮದ ಅಳತೆಗೆ ಹಟ ಹಿಡಿದವನು ಈ ಕೆಲಸವನ್ನು ಕಲಿತು, ಮಾಡಿ, ನಿಯಮ ಬದಲಾಗುವ ಮೊದಲೇ ಬಿಟ್ಟು ಹೋದವನಾಗಿರಬೇಕು. ಇನ್ಸ್‌ಪೆಕ್ಟರ್‌ಗೆ ಮೈಯಲ್ಲಿ ಸಣ್ಣ ಪುಳಕವೆದ್ದಿತು. ಗಂಟು ಬಿಚ್ಚುವ ಮೊದಲು ದಾರದ ತುದಿ ಸಿಕ್ಕಾಗ ಯಾರಿಗಾದರೂ ಆಗುವ ಸಂತೋಷ ಅದು.

“ನೀವು ಸೇರೋಕೆ ಸ್ವಲ್ಪ ಮುಂಚೆ ನಿವೃತ್ತರಾದ ತಪಾಸಣೆಯವರು ಯಾರ್‍ಯಾರು?”

ಹುಡುಗನಿಗೆ ಗೊತ್ತಿರಲಿಲ್ಲ. ಹಳೆಯ ಗುಮಾಸ್ತರು ಬಂದು ಬೆರಳು ಮಡಚಿದರು. ಇಬ್ಬರು. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರ ಮಾತು ಬಂದಾಗ ಗುಮಾಸ್ತರು ಜೋರಾಗಿ ನಕ್ಕುಬಿಟ್ಟರು.

“ಅವರಂತೂ ಅಲ್ವೇ ಅಲ್ಲ ಮೇಡಂ. ‘ಆಗಲ್ಲ ಸಾಹೇಬ್ರು’ ಅಂತ್ಲೇ ಅವರ ಹೆಸರು. ಸರ್ವಿಸೆಲ್ಲ ಆಕ್ಷೇಪಣೆ ಬರೆದೋರು. ನೆರಳು ಪಕ್ಕದ ಮನೆ ಮೇಲೆ ಬೀಳುತ್ತೆ ಅಂತ ಆಕ್ಷೇಪಣೆ, ಬೀಳಲ್ಲ ಅಂದ್ರೆ ಯಾಕೆ ಬೀಳಲ್ಲ ಅಂತ ಆಕ್ಷೇಪಣೆ. ಅವರು ಪಾಸು ಮಾಡೋದಾ? ಎಲ್ಲಾದ್ರೂ ಉಂಟಾ?”

“ಈಗ ಎಲ್ಲಿದ್ದಾರೆ?”

“ದಿನಾ ಇಲ್ಲೇ ಇರ್ತಾರಲ್ಲ. ಹೊರಗೆ ಬೆಂಚಿನ ಮೇಲೆ.”

ಇನ್ಸ್‌ಪೆಕ್ಟರ್ ಎದ್ದು ಹೊರಗೆ ಬಂದಳು. ಪಡಸಾಲೆಯ ಬೆಂಚು ಖಾಲಿಯಿತ್ತು. ಅರ್ಜಿ ಹಿಡಿದು ಬಂದ ಜನ ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅಲ್ಲಿ ಇಲ್ಲಿ ನೋಡುತ್ತ ನಿಂತಿದ್ದರು. ಇಲ್ಲಿ ಇಸ್ತ್ರಿ ಅಂಗಿ ಹಾಕಿ ಗಂಭೀರವಾಗಿ ಕುಳಿತವರು ಕೈ ಚಾಚಿದರೆ ಯಾರಾದರೂ ಕೊಟ್ಟಾರು. ಹೊಲಿಗೆಯಾಕೆ ಬೆಂಚು ನೋಡಿದವಳೇ ಬಾಯಿಗೆ ಕೈಯಿಟ್ಟುಕೊಂಡಳು. ಅವಳು ಅರ್ಜಿ ಕೊಟ್ಟದ್ದು ಇಲ್ಲೇ.

“ನಿನ್ನೆಯಿಂದ ಬಂದಿಲ್ಲ,” ಎಂದ ವಾಚ್‌ಮನ್. “ಯಾವತ್ತೂ ತಪ್ಪಿಸಿದೋರಲ್ಲ. ನಾನು ದಿನಾ ಸಲಾಮು ಹೊಡೀತೀನಿ.”

“ನಿವೃತ್ತರಾದೋರಿಗೆ ಸಲಾಮು ಯಾಕೆ?”

“ಅಭ್ಯಾಸ ಮೇಡಂ. ನಾನು ಹೊಡೆದೆ, ಅವರೂ ಬೇಡ ಅನ್ಲಿಲ್ಲ.”

ಇಡೀ ಕಚೇರಿ ಅವರನ್ನು ದಿನವೂ ಕಂಡಿತ್ತು. ಕಂಡದ್ದರಿಂದಲೇ ಯಾರಿಗೂ ಕಂಡಿರಲಿಲ್ಲ.

ಶನಿವಾರ ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಮತ್ತು ದೊಡ್ಡಪ್ಪ ಮಫ್ತಿಯಲ್ಲಿ ಅವರ ಮನೆಗೆ ಹೋದರು. ಎರಡು ಕೋಣೆಯ ಮನೆ. ಗೋಡೆಯ ಮೇಲಿನ ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಬಾಗಿಲು ತೆಗೆದವರು ಮಾವ ವರ್ಣಿಸಿದ ಆಳೇ: ತೆಳ್ಳಗೆ, ಅರವತ್ತು ದಾಟಿದವರು, ಮನೆಯಲ್ಲಿದ್ದರೂ ಇಸ್ತ್ರಿ ಅಂಗಿ. ಅವರ ಹೆಂಡತಿ ಚಹಾ ತಂದಿಟ್ಟು, ಏನೂ ಕೇಳದೆ ಒಳಗೆ ಹೋದರು.

“ಬೆಂಚಿಗೆ ಹೋಗ್ತಿಲ್ವಂತೆ.”

“ಮೈ ಸರಿಯಿಲ್ಲ.”

“ಹೊಲಿಗೆ ಅಂಗಡಿ ಮನೇಲಿ ಮರದ ಜಗಲಿ ಕಟ್ಟಿದ್ದಾರೆ. ಗೊತ್ತಾ?”

“ಗೊತ್ತಿಲ್ಲ.”

“ಯಾರೋ ತಪಾಸಣೆ ಮಾಡಿ ಪಾಸು ಕೊಟ್ಟಿದ್ದಾರೆ. ನೀವಾ?”

“ನಾನು ನಿವೃತ್ತ. ನನಗೇನು ಅಧಿಕಾರ?”

“ಅದನ್ನೇ ಕೇಳ್ತಿದ್ದೀನಿ.”

“ನಾನಲ್ಲ.”

ಗುರುತಿಸಲು ಹೊಲಿಗೆಯಾಕೆ ಇದ್ದಳು, ಅವಳ ಮಾವ ಇದ್ದರು. ಕೈ ಹಿಡಿದು ಜೀಪು ಹತ್ತಿಸಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡಪ್ಪ ಹಾಗೆಂದೇ ಚಹಾ ಬೇಗ ಮುಗಿಸಿದ್ದರು. ಆದರೆ ಇನ್ಸ್‌ಪೆಕ್ಟರ್ ತಲೆಯಲ್ಲಿ ಇದ್ದದ್ದು ಸೋಮವಾರ. ಆರು ಗುಂಡಿಗಳ ತಳ ಕಂಡ, ಕೂಲಿ ಪಡೆಯದ ಕಣ್ಣು ಈ ಊರಿನಲ್ಲಿ ಒಂದೇ ಜೊತೆ. ಪೊಲೀಸರು ಎಳೆದು ತಂದವನು ಹೇಳಿದ್ದನ್ನು ಆ ಎಂಜಿನಿಯರ್ ಹುಡುಗ ನಂಬುವುದಿಲ್ಲ. ಹೆದರಿದವನು ಹೇಳಿದ್ದು ಎನ್ನುತ್ತಾನೆ. ಈ ಮನುಷ್ಯ ತಾನಾಗಿ ಬಂದು, ನೋಡಿದ್ದೇನೆ ಎನ್ನಬೇಕು. ಆಕೆ ಕಪ್ಪನ್ನು ಕೆಳಗಿಟ್ಟು ಎದ್ದಳು.

“ಸರಿ, ನೀವಲ್ಲ ಅಂತಾನೇ ಇಟ್ಕೊಳ್ಳೋಣ. ಸೋಮವಾರ ಹತ್ತಕ್ಕೆ ಅದನ್ನ ಕೆಡವ್ತಾರೆ. ಎಂಜಿನಿಯರ್ ಹೇಳ್ತಿದ್ದ, ಪಾಸು ಮಾಡಿದೋನಿಗೆ ಕೆಲಸವೇ ಗೊತ್ತಿರಲಿಲ್ಲ, ಗುಂಡಿ ಕಡೆ ಸರಿಯಾಗಿ ನೋಡಿರೋದೇ ಅನುಮಾನ ಅಂತ.”

ಎದುರಿಗಿದ್ದವರ ಕೆನ್ನೆ ಒಮ್ಮೆ ಅದುರಿತು.

ಜೀಪಿನಲ್ಲಿ ಕುಳಿತ ಮೇಲೆ ದೊಡ್ಡಪ್ಪ ತಡೆಯಲಾರದೆ ಹೇಳಿದರು: “ಮೇಡಂ, ಎಂಜಿನಿಯರ್ ಹಾಗಂದಿರಲೇ ಇಲ್ಲ. ಕೈಗೆ ಸಿಕ್ಕಿದ್ದನ್ನ ಬಿಟ್ಟು ಬಂದ್ವಿ. ಓಡಿಹೋದ್ರೆ?”

“ಅದಕ್ಕೇ ನೀವು ಇಲ್ಲೇ ಇಳೀತಿದ್ದೀರಿ. ಎದುರಿನ ಅಂಗಡಿಯೋನ ಜೊತೆ ಮಾತಾಡ್ತಾ ಕೂತ್ಕೊಳಿ. ರಾತ್ರಿ ಬೇರೆಯವರನ್ನ ಕಳಿಸ್ತೀನಿ.”

“ಬರದೇ ಹೋದ್ರೆ?”

ಇನ್ಸ್‌ಪೆಕ್ಟರ್ ಕೈ ಚಾಚಿ ಅವರ ಪಕ್ಕದ ಬಾಗಿಲು ತೆರೆದಳು. ಬರದೇ ಹೋದರೆ ಆರೋಪಿ ಸಿಗುತ್ತಾನೆ, ಜಗಲಿ ಹೋಗುತ್ತದೆ. ಮೇಲಧಿಕಾರಿಗಳ ಲೆಕ್ಕದಲ್ಲಿ ಅದು ಗೆಲುವೇ. ಆಕೆಯ ಲೆಕ್ಕದಲ್ಲಿ ಅಲ್ಲ. ಭಾನುವಾರ ಊಟದ ನಡುವೆಯೇ ಎದ್ದು, ಆ ಮನೆಯೆದುರು ಕಾವಲಿದ್ದವರಿಗೆ ಎರಡು ಸಲ ಫೋನು ಮಾಡಿದಳು.

ಸೋಮವಾರ ಹತ್ತಕ್ಕೆ ಮೊದಲೇ ಲಾರಿ ಬಂತು. ಗುದ್ದಲಿ, ಹಾರೆ, ಸುತ್ತಿಗೆ ಹಿಡಿದ ಐದು ಮಂದಿ ಇಳಿದರು. ಹಿಂದೆಯೇ ಎಂಜಿನಿಯರ್. ಮಾವ ಜಗಲಿಯ ನಟ್ಟನಡುವೆ ಕುಳಿತು ಗಾಲಿಯ ಬ್ರೇಕು ಹಾಕಿದ್ದರು. ಹೊಲಿಗೆಯಾಕೆ ಅವರ ಕುರ್ಚಿಯ ಹಿಂದೆ ನಿಂತಿದ್ದಳು. ಅಳುತ್ತಿರಲಿಲ್ಲ; ಅಳುವುದಕ್ಕೆ ಇನ್ನೂ ಸಮಯವಿದೆ ಎಂಬಂತೆ ಹಲ್ಲು ಕಚ್ಚಿದ್ದಳು. ಬೇಲಿಯಾಚೆ ಅಕ್ಕಪಕ್ಕದವರು ಸೇರಿದ್ದರು.

“ಅಜ್ಜಾ, ದಯವಿಟ್ಟು ಒಳಗೆ ಹೋಗಿ,” ಎಂಜಿನಿಯರ್ ಹೇಳಿದ.

“ಮೂವತ್ತೈದು ವರ್ಷ ಬಸ್ಸು ಓಡಿಸಿದ್ದೀನಪ್ಪ. ಟೈಮಿಗೆ ಮುಂಚೆ ಗಾಡಿ ಬಿಟ್ಟೋನಲ್ಲ. ಇನ್ನೂ ಹತ್ತಾಗಿಲ್ಲ.”

ಯಾರೋ ನಕ್ಕರು. ಇನ್ಸ್‌ಪೆಕ್ಟರ್ ಬೀದಿಯ ತಿರುವನ್ನೇ ನೋಡುತ್ತಿದ್ದಳು. ಹತ್ತಾಯಿತು. ಗುಂಪಿನ ಮೇಸ್ತ್ರಿ ಹಾರೆ ಎತ್ತಿಕೊಂಡು ಮೊದಲ ಹಲಗೆಯ ಸಂದಿಗೆ ತೂರಿಸಿದ. ಮೊಳೆ ಕಿರುಗುಟ್ಟಿತು.

“ಅದನ್ನ ಮುಟ್ಬೇಡ.”

ಜನ ದಾರಿ ಬಿಟ್ಟರು. ಇಸ್ತ್ರಿ ಅಂಗಿಯ ಸಾಹೇಬರು ಬೇಲಿಯ ಬಾಗಿಲು ದಾಟಿ ನೇರ ಎಂಜಿನಿಯರ್ ಮುಂದೆ ಬಂದು ನಿಂತರು. ಅವರ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಏದುಸಿರು ಬಿಡುತ್ತ ದೊಡ್ಡಪ್ಪ.

“ಗುಂಡಿ ನೋಡಿಲ್ಲ ಅಂದೋರು ಯಾರು?”

“ನೀವ್ಯಾರು?” ಎಂಜಿನಿಯರ್ ಕೇಳಿದ. ಕೇಳಿದ ಮೇಲೆ ಬೆಂಚಿನ ಮೇಲೆ ಕಂಡ ಮುಖ ಇದೇ ಎಂದು ಅವನಿಗೆ ನೆನಪಾಯಿತು.

“ಇದಕ್ಕೆ ಪಾಸು ಕೊಟ್ಟೋನು. ಆರು ಗುಂಡಿಗೂ ಇಳಿದಿದ್ದೀನಿ. ಬೇಲಿ ಕಡೆಯಿಂದ ಮೂರನೇದರಲ್ಲಿ ಎರಡು ಅಡಿಗೆ ಬಂಡೆ ಸಿಕ್ತು. ಅಲ್ಲಿಗೇ ಸಾಕು ಅಂದ ಬಡಗಿ. ಒಡೆಸಿ ಕೆಳಗೆ ಇಳಿಸಿದೆ. ನಲ್ಲಿ ಪಕ್ಕದ್ದು ಐದನೇದು, ತಳ ಒದ್ದೆ ಇತ್ತು. ಅಲ್ಲಿ ಜಲ್ಲಿ ಹಾಸಿ ಕುಟ್ಟಿಸಿದ್ದೀನಿ. ಮಿಕ್ಕ ನಾಲ್ಕೂ ಗಟ್ಟಿ ಕೆಂಪು ಮಣ್ಣು. ಅನುಮಾನ ಇದ್ರೆ ಆ ಎರಡು ಅಗೀರಿ. ನಾನು ಹೇಳಿದ್ದು ಒಂದು ಸುಳ್ಳಾದ್ರೂ ಪೂರ್ತಿ ಕೆಡವಿ.”

ಬಡಗಿ ಬೇಲಿಯಾಚೆಯಿಂದ ತನ್ನ ಬಾಗಿದ ಹಾರೆಯನ್ನು ಎತ್ತಿ ತೋರಿಸಿದ. ಎಂಜಿನಿಯರ್ ಇನ್ಸ್‌ಪೆಕ್ಟರ್ ಕಡೆ ನೋಡಿದ.

“ಈಗ ಸಾಕ್ಷಿ ಸಿಕ್ಕಿದ್ದಾರಲ್ಲ,” ಎಂದಳು ಆಕೆ. “ಅಗೆಸಿ ನೋಡಿ.”

ಕೆಡವಲು ಬಂದವರು ಅಗೆಯಲು ನಿಂತರು. ಮೂರನೆಯ ಕಂಬದ ಪಕ್ಕ ಮಣ್ಣು ತೆಗೆಯುತ್ತಿದ್ದಂತೆ ಎರಡು ಅಡಿಯಲ್ಲಿ ಹಾರೆಗೆ ಬಂಡೆಯ ಚೂರುಗಳು ಠಣ್ಣೆಂದವು. ಅದರ ಪಕ್ಕದಲ್ಲಿ ಒಡೆದ ಬಂಡೆಯ ಮೈ ಕಂಡಿತು, ಕೆಳಗೆ ಕಾಂಕ್ರೀಟು ಇನ್ನೂ ಇಳಿಯುತ್ತಲೇ ಹೋಗಿತ್ತು. ಎಂಜಿನಿಯರ್ ಪ್ಯಾಂಟು ಮಡಚಿ ಗುಂಡಿಗೆ ಇಳಿದ. ಅವನ ಸರ್ವಿಸಿನಲ್ಲಿ ಅದೇ ಮೊದಲು ಎಂದು ಆಮೇಲೆ ಅವನೇ ದೊಡ್ಡಪ್ಪನ ಹತ್ತಿರ ಒಪ್ಪಿಕೊಂಡ. ಟೇಪು ಹಿಡಿದು ಕೂಗಿದ: “ಮೂರೂವರೆ.” ಐದನೆಯದರಲ್ಲಿ ಕುಟ್ಟಿದ ಜಲ್ಲಿಯ ಹಾಸು ಕಂಡಿತು. ಅಲ್ಲೂ ಮೂರೂವರೆ. ಮೇಸ್ತ್ರಿ ಕಂಬಕ್ಕೆ ಭುಜ ಕೊಟ್ಟು ನೂಕಿ, ಅಲುಗದ್ದನ್ನು ಕಂಡು, ಕೆಡವುವುದು ತನಗೂ ಸುಲಭವಾಗುತ್ತಿರಲಿಲ್ಲ ಎಂದು ತಲೆದೂಗಿದ.

ಎಂಜಿನಿಯರ್ ಮಣ್ಣು ಕೈಯಲ್ಲೇ ಮೇಲೆ ಬಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್ಸ್‌ಪೆಕ್ಟರ್ ಅವನ ಕಣ್ಣಲ್ಲಿ ಭಯವೂ ನ್ಯಾಯವೂ ಎಳೆದಾಡುವುದನ್ನು ನೋಡುತ್ತ, ಇವನು ಒಳ್ಳೆಯವನಾಗಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

“ಅಕ್ಕಾ,” ಎಂದ ಅವನು ಹೊಲಿಗೆಯಾಕೆಗೆ. “ಒಂದು ಹೊಸ ಅರ್ಜಿ ಬರೀರಿ. ಈಗ್ಲೇ. ಗುಂಡಿ ತಪಾಸಣೆ ನಾನು ಮಾಡಿದ್ದೀನಿ, ಕೊನೇ ತಪಾಸಣೆನೂ ಈಗ್ಲೇ ಮಾಡ್ತೀನಿ. ಇಲ್ಲೇ ಸಹಿ ಹಾಕ್ತೀನಿ.”

ಅರ್ಜಿ ಹೊಲಿಗೆ ಯಂತ್ರದ ಹಲಗೆಯ ಮೇಲೆ ಬರೆಯಲ್ಪಟ್ಟಿತು. ತಪ್ಪು ಬರೆದು ಎರಡು ಸಲ ಕಾಗದ ಹರಿಯಬೇಕಾಯಿತು. ಹುಡುಗ ಕಟಕಟೆ ಅಲುಗಿಸಿ ನೋಡಿದ, ಅಂಚಿನ ಪಟ್ಟಿ ಅಳೆದ, ಸಹಿ ಹಾಕಿದ. ಬೇಲಿಯಾಚೆ ಚಪ್ಪಾಳೆ ಎದ್ದಿತು. ಹೊಲಿಗೆಯಾಕೆ ಆಗ ಅತ್ತಳು, ಬಿಕ್ಕಿ ಬಿಕ್ಕಿ, ನಗುತ್ತಲೇ. ಮಾವ ಬ್ರೇಕು ತೆಗೆದು ಜಗಲಿಯ ಈ ತುದಿಯಿಂದ ಆ ತುದಿಗೆ ಕುರ್ಚಿ ಓಡಿಸಿಕೊಂಡು ಹೋಗಿ ತಿರುಗಿಸಿ ಬಂದರು.

“ರೈಟ್, ರೈಟ್,” ಎಂದು ಮೇಸ್ತ್ರಿ ಕಂಡಕ್ಟರನಂತೆ ಹಲಗೆ ತಟ್ಟಿದ. ತನ್ನವರಿಗೆ ಮಣ್ಣು ಮುಚ್ಚಿ ಕುಟ್ಟಲು ಹೇಳಿ, ತಾನು ಎಬ್ಬಿಸಿದ ಮೊಳೆಯನ್ನು ತಾನೇ ಬಡಿದು ಕೂರಿಸಿದ.

ಈ ಗದ್ದಲದ ನಡುವೆ ಸಾಹೇಬರು ಒಂದು ಪಕ್ಕಕ್ಕೆ ನಿಂತಿದ್ದರು. ಇನ್ಸ್‌ಪೆಕ್ಟರ್ ಹತ್ತಿರ ಬಂದಾಗ ಅಂಗಿಯ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಸೀಲನ್ನು ತೆಗೆದು ಕೊಟ್ಟರು.

“ನಿವೃತ್ತಿ ದಿನ ಬೀಗದ ಕೈ ತಗೊಂಡ್ರು, ಕುರ್ಚಿ ಮೇಲಿನ ದಿಂಬು ತಗೊಂಡ್ರು, ಇದನ್ನ ಯಾರೂ ಕೇಳ್ಲಿಲ್ಲ.”

ಪಂಚರ ಸಮಕ್ಷಮ ಸೀಲನ್ನು ವಶಕ್ಕೆ ಪಡೆಯಲಾಯಿತು. ಹನ್ನೊಂದೂ ಮುಕ್ಕಾಲಿಗೆ ದಸ್ತಗಿರಿ. ಅವರು ಎರಡೂ ಕೈ ಮುಂದೆ ಚಾಚಿದರು. ದೊಡ್ಡಪ್ಪ ಬೇಡಿ ತೆಗೆಯದೆ, “ಬನ್ನಿ ಸಾರ್, ಜೀಪಿನ ಮೆಟ್ಲು ಎತ್ತರ ಇದೆ,” ಎಂದು ತೋಳು ಹಿಡಿದರು. ಜೀಪು ಹೊರಡುವಾಗ ಗಾಲಿಕುರ್ಚಿಯಿಂದ ಮಾವ ಕೈ ಎತ್ತಿ ಅವರಿಗೆ ಸಲಾಮು ಮಾಡಿದರು.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಎಲ್ಲವನ್ನೂ ಒಪ್ಪಿಕೊಂಡರು. ಮೂರು ಮನೆ, ಮೂರಕ್ಕೂ ಪಾಸು, ಯಾರಿಂದಲೂ ಏನೂ ಪಡೆದಿಲ್ಲ. ಬರೆದುಕೊಳ್ಳುವುದು ಮುಗಿದ ಮೇಲೆ ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿ ಕೇಳಿದಳು:

“ಯಾಕೆ ಮಾಡಿದ್ರಿ?”

ಅವರು ಮುಚ್ಚಿದ ಪೆನ್ನನ್ನು ನೋಡಿದ ಮೇಲೆ ಹೇಳತೊಡಗಿದರು.

“ನಮ್ಮ ಕಚೇರೀಲಿ ಆಕ್ಷೇಪಣೆ ಬರೆದ್ರೆ ಯಾರೂ ಏನೂ ಕೇಳಲ್ಲ. ಆಗಬಹುದು ಅಂತ ಬರೆದ್ರೆ ನೂರು ಜನ ಕೇಳ್ತಾರೆ. ಹೆದರಿಕೆಗೆ ಬರೀತಾ ಬಂದೆ, ಆಮೇಲೆ ಅದೇ ಚಾಳಿ ಆಯ್ತು. ನಿವೃತ್ತಿ ಆದ್ಮೇಲೆ ಒಂದಿನ ಮನೇಲಿ ಹೆಂಡತೀನ ಕೇಳ್ದೆ, ನೀನು ಯಾಕೆ ನನ್ನ ಏನೂ ಕೇಳಲ್ಲ ಅಂತ. ಮದುವೆ ಆದ ಹೊಸದ್ರಲ್ಲಿ ಕೇಳ್ತಿದ್ದೆ, ಆಗಲ್ಲ ಅಂತಿದ್ರಿ, ಆಮೇಲೆ ಬಿಟ್ಟೆ ಅಂದಳು. ಬೇಜಾರಿಂದ ಹೇಳ್ಲಿಲ್ಲ ಮೇಡಂ. ಸುಮ್ನೆ, ಹೀಗೇ ಹೇಳಿದ್ಲು.”

ಅವರು ನೀರು ಕುಡಿದರು.

“ಬೆಂಚಲ್ಲಿ ಕೂತಿದ್ದಾಗ ಈ ಹೆಣ್ಣುಮಗಳು ಬಂದು ಅರ್ಜಿ ಕೈಗಿಟ್ಟಳು. ಅದರಲ್ಲಿ ಆಕ್ಷೇಪಣೆ ಮಾಡೋಕೆ ಏನೂ ಇರಲಿಲ್ಲ. ಸರ್ವಿಸಲ್ಲೂ ಎಷ್ಟೋ ಅರ್ಜೀಲಿ ಏನೂ ಇರಲಿಲ್ಲ. ಒಂದು ಸಲ ಆಗಬಹುದು ಅಂತ ಹೇಳಿ ನೋಡೋಣ ಅನ್ನಿಸ್ತು. ಹೇಳ್ದೆ. ಆ ಮುದುಕರು ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ.”

ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು: ಮಾಡಿದ್ದು ತಪ್ಪೇ. ಮೂರು ಮನೆಯವರ ನಿದ್ದೆ ಕೆಡಿಸಿದ್ದು ನಿಜವೇ, ನ್ಯಾಯಾಲಯ ಅದನ್ನು ನೋಡಿಕೊಳ್ಳುತ್ತದೆ. ಉಳಿದ ಎರಡು ಮನೆಗಳಲ್ಲೂ ನಾಳೆ ಗುಂಡಿ ಅಗೆಸಿ ನೋಡುತ್ತೇನೆ ಎಂದು ಎಂಜಿನಿಯರ್ ಫೋನು ಮಾಡಿದ್ದ. ಹೊರಗಿನ ಬೆಂಚಿನ ಮೇಲೆ ಸಾಹೇಬರ ಹೆಂಡತಿ ವಕೀಲರ ಜೊತೆ ಬಂದು ಕುಳಿತಿದ್ದರು.

ಮಧ್ಯಾಹ್ನ ಸಾಹೇಬರನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು; ಮೂರು ಗಂಟೆಗೆ ಅಲ್ಲಿಂದ ಅವರ ಜಾಮೀನು ಅರ್ಜಿಯ ಪ್ರತಿ ಬಂತು. ಪೊಲೀಸರ ಅಭಿಪ್ರಾಯ ಬರೆದು ಇಂದೇ ಕಳಿಸಬೇಕು. ಆ ಠಾಣೆಯಲ್ಲಿ ಅದನ್ನು ಓದಿ ಬರೆಯುವ ರೂಢಿಯಿರಲಿಲ್ಲ. ಯಾವ ಆರೋಪಿಯಾದರೂ ‘ಜಾಮೀನು ನೀಡಲು ನಮ್ಮ ಆಕ್ಷೇಪಣೆ ಇದೆ’ ಎಂಬ ಸಾಲನ್ನು ದೊಡ್ಡಪ್ಪನೇ ಮೊದಲು ಬರೆದಿಟ್ಟು ಸಹಿಗೆ ತರುತ್ತಿದ್ದರು, ಇವತ್ತೂ ತಂದರು. ಇನ್ಸ್‌ಪೆಕ್ಟರ್ ಸಾಲಿನ ಕೊನೆಯ ಪದವನ್ನು ಹೊಡೆದುಹಾಕಿ, ಮೇಲೆ ‘ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

ದೊಡ್ಡಪ್ಪ ಕಾಗದವನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು.

“ಮೇಡಂ, ಈ ಜಾಗದಲ್ಲಿ ಹೀಗೆ ಬರೆದಿದ್ದನ್ನ ನಾನು ಇದುವರೆಗೂ ನೋಡಿಲ್ಲ.”

“ನಾನೂ ಇದುವರೆಗೂ ಬರೆದಿರಲಿಲ್ಲ. ಕೋರ್ಟು ಏಳೋದ್ರೊಳಗೆ ಮುಟ್ಟಿಸಿ.”

ದೊಡ್ಡಪ್ಪ ಟೋಪಿ ಹಾಕಿಕೊಂಡು, ಅವರ ವಯಸ್ಸಿಗೆ ಹೊಂದದ ವೇಗದಲ್ಲಿ ಮೆಟ್ಟಿಲಿಳಿದರು.